ಎಡಗಾಲಿಯಲ್ಲಿ ಬಲಗಡೆಯ ರಬ್ಬರ್

"ಟಾರ್ಚು ಇನ್ನೂ ಸ್ವಲ್ಪ ಕೆಳಗೆ ಹಿಡೀರಿ. ನಾನು ನೋಡಬೇಕಾಗಿರೋದು ಗಾಲಿ, ನನ್ನ ಮೂಗಲ್ಲ."

ಇನ್ಸ್‌ಪೆಕ್ಟರ್ ಮೇಡಂ ಗೋಣಿತಾಟಿನ ಮೇಲೆ ಅಂಗಾತ ಮಲಗಿ, ನುಜ್ಜುಗುಜ್ಜಾದ ಗಾಲಿಮನೆಯ ಹೊಟ್ಟೆಯಡಿ ಅರ್ಧ ಮೈ ತೂರಿಸಿದ್ದರು. ಖಾಕಿ ಅಂಗಿಯ ಬೆನ್ನು ಗ್ರೀಸು ಮೆತ್ತಿ ಆಗಲೇ ಕೆಟ್ಟಿತ್ತು. ಹೊರಗೆ ಹೆಡ್ ಕಾನ್‌ಸ್ಟೇಬಲ್ ಕುಕ್ಕರುಗಾಲಲ್ಲಿ ಕೂತು, ತನ್ನ ಉದ್ದನೆಯ ಮೈಯನ್ನು ಮಡಚಿ ಮಡಚಿ ಚಿಕ್ಕದು ಮಾಡಿಕೊಂಡು ಟಾರ್ಚು ತೋರಿಸುತ್ತಿದ್ದ. ಸ್ಟೇಷನ್ನಿನಲ್ಲಿ ಅವನನ್ನು ಎಲ್ಲರೂ ಏಣಿ ಅಂತಲೇ ಕರೆಯುತ್ತಿದ್ದರು.

ಗಾಲಿಮನೆ ಎಂದರೆ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಮನೆ. ಒಳಗೆ ಮಂಚ, ಒಲೆ, ಕಪಾಟು, ಕಿಟಕಿಗೆ ಪರದೆ ಎಲ್ಲವೂ ಇರುತ್ತದೆ. ಈ ಗಾಲಿಮನೆ ಊರಿನ ದನದ ಡಾಕ್ಟರದ್ದು. ಮೊನ್ನೆ ಕ್ವಾರಿಯ ಇಳಿಜಾರಿನಲ್ಲಿ ಅದು ಎಡಕ್ಕೆ ವಾಲಿ, ಮುಂದಿನ ಕಾರನ್ನೂ ಎಳೆದುಕೊಂಡು ಮಗುಚಿತ್ತು. ಕಾರು ಓಡಿಸುತ್ತಿದ್ದ ಡಾಕ್ಟರಿಗೆ ಹಣೆಯ ಮೇಲೆ ಒಂದು ಗೀರು. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ, ಶಾಲೆಯ ಸಂಗೀತದ ಟೀಚರು, ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ ಅಂತ ಸ್ಟೇಷನ್ನಿಗೆ ಸುದ್ದಿಯಿತ್ತು. ಅದೇ ವಾರ ಆ ಗಾಲಿಮನೆಯ ಸವೆದ ರಬ್ಬರ್ ಸ್ಪ್ರಿಂಗುಗಳನ್ನು ಬದಲಾಯಿಸಿ ಕೊಟ್ಟಿದ್ದ ಚಿಕ್ಕ ಮೇಸ್ತ್ರಿ ಸ್ಟೇಷನ್ನಿನ ಹಿಂದಿನ ಕೋಣೆಯಲ್ಲಿ ಕೂತಿದ್ದ.

ಅಷ್ಟು ಭಾರ ಎತ್ತುವ ಸರಪಳಿ ರಾಟೆ ಆ ಸುತ್ತಿನಲ್ಲಿ ಇದ್ದದ್ದು ಚಿಕ್ಕ ಮೇಸ್ತ್ರಿ ಮತ್ತು ಅವನ ಅಣ್ಣ ದೊಡ್ಡ ಮೇಸ್ತ್ರಿಯ ಈ ರಿಪೇರಿ ಶೆಡ್ಡಿನಲ್ಲಿ ಮಾತ್ರ. ಹಾಗಾಗಿ ಮುರಿದ ವಾಹನ ರಿಪೇರಿಯಾದ ಜಾಗಕ್ಕೇ ವಾಪಸ್ ಬಂದಿತ್ತು. ಬಾಗಿಲಲ್ಲಿ ಪೊಲೀಸ್ ಕಾವಲು. ಒಳಗೆ ಮಗುಚಿದ ಡಬ್ಬವೊಂದರ ಮೇಲೆ ದೊಡ್ಡ ಮೇಸ್ತ್ರಿ ಕೂತಿದ್ದ. ಬೆಳಗಿನಿಂದ ಒಂದೇ ಬಟ್ಟೆ ಚೂರಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದ. ಕೈಯಲ್ಲಿ ಮಸಿಯೇನೂ ಇರಲಿಲ್ಲ.

ಇನ್ಸ್‌ಪೆಕ್ಟರ್ ಮೊದಲು ಬಲಗಾಲಿ ನೋಡಿದರು.

ಗಾಲಿಯನ್ನು ಹಿಡಿದಿರುವ ಕಬ್ಬಿಣದ ತೋಳು, ಮೇಲೆ ಗಾಡಿಯ ಚಾಸಿ, ಎರಡರ ನಡುವೆ ಸೊಂಟ ಸಣ್ಣಗಿರುವ ಒಂದು ರಬ್ಬರ್ ಮುದ್ದೆ, ಅದೇ ರಬ್ಬರ್ ಸ್ಪ್ರಿಂಗು. ಗಾಲಿ ಗುಂಡಿಗೆ ಬಿದ್ದರೆ ಈ ಮುದ್ದೆ ಅಮುಕಿಕೊಂಡು, ಮತ್ತೆ ಉಬ್ಬಿ, ಮೇಲಿನ ಮನೆಗೆ ಪೆಟ್ಟು ತಾಗದಂತೆ ನೋಡಿಕೊಳ್ಳುತ್ತದೆ. ವರ್ಷಗಳು ಕಳೆದರೆ ಅದೇ ಮುದ್ದೆ ಚಪ್ಪಟೆಯಾಗಿ, ಬಿರುಕು ಬಿಟ್ಟು, ಕಲ್ಲಾಗುತ್ತದೆ. ಬಲಗಡೆಯದು ಹೊಸದು. ಹೊಸ ರಬ್ಬರಿನ ಮಂಕು ಕಪ್ಪು, ಮೈಮೇಲೆ ಅಚ್ಚಿನ ಗೆರೆ ಇನ್ನೂ ಅಳಿಸಿರಲಿಲ್ಲ.

ಎಡಗಡೆಯದು ಮಿರಿಮಿರಿ ಹೊಳೆಯುತ್ತಿತ್ತು.

"ಹೊಸದು ಮಂಕಾಗಿದೆ, ಇದು ಹೊಳೀತಿದೆ," ಅಂದರು ಇನ್ಸ್‌ಪೆಕ್ಟರ್ ತಮ್ಮಷ್ಟಕ್ಕೆ. ಮೂಗು ಹತ್ತಿರ ತಂದು ಮೂಸಿದರು. ಸಿಹಿಸಿಹಿ ವಾಸನೆ. ಮಾರುವ ಮುಂಚೆ ಹಳೆ ಕಾರುಗಳ ಟೈರಿಗೆ ಬಳಿಯುವ ಕಪ್ಪು ಪಾಲಿಶಿನದು.

"ಒಂದು ಬಟ್ಟೆಗೆ ಸ್ವಲ್ಪ ಪೆಟ್ರೋಲ್ ಹಾಕಿ ಕೊಡಿ."

ಒರೆಸುತ್ತಿದ್ದ ಹಾಗೆ ಹೊಳಪು ಬಟ್ಟೆಗೆ ಬಂತು. ಕೆಳಗಿನಿಂದ ಮುದುಕಿಯ ಹಿಮ್ಮಡಿಯಂಥ ಬಿರುಕುಗಳು ಎದ್ದವು. ಇನ್ನೊಮ್ಮೆ ಒರೆಸಿದರು. ಬಿರುಕುಗಳ ಮೇಲೆ ಬಿಳಿ ಬಣ್ಣದಲ್ಲಿ ಏನೋ ಬರೆದಿತ್ತು.

"ಏನು ಕಾಣ್ತಿದೆ ಮೇಡಂ?"

"ಒಂದು ಅಕ್ಷರ. ಬ."

ಏಣಿ ಟಾರ್ಚಿನ ಜೊತೆ ತಲೆಯನ್ನೂ ಒಳಗೆ ತೂರಿಸಲು ಹೋಗಿ ಚಾಸಿಗೆ ಹಣೆ ಬಡಿಸಿಕೊಂಡ. "ಇದು ಎಡಗಾಲಿ ಅಲ್ವಾ ಮೇಡಂ?"

"ಅದೇ ನನಗೂ ಅರ್ಥ ಆಗ್ತಿಲ್ಲ."

ಅವರ ಬೆರಳು ಮುದ್ದೆಯನ್ನು ಬಿಗಿದಿದ್ದ ನಟ್ಟಿನ ಮೇಲೆ ನಿಂತಿತು. ಬಲಗಡೆಯ ನಟ್ಟಿಗೆ ಆರು ಮೂಲೆ ಚೊಕ್ಕವಾಗಿದ್ದವು. ಇದರ ಮೂಲೆಗಳು ಇಲಿ ಕಡಿದ ಬಿಸ್ಕತ್ತಿನ ಹಾಗೆ ಸವೆದು ದುಂಡಗಾಗಿದ್ದವು. ಅಳತೆಗೆ ಸರಿಯಾದ ಸ್ಪ್ಯಾನರ್ ಹಾಕಿದವರು ಮಾಡುವ ಕೆಲಸ ಇದಾಗಿರಲಿಲ್ಲ.

ಆಚೆ ತೆವಳಿ ಬಂದು, ಕೂದಲಿಗೆ ಅಂಟಿದ ಮಣ್ಣು ಕೊಡವಿಕೊಂಡು, ಇನ್ಸ್‌ಪೆಕ್ಟರ್ ದೊಡ್ಡ ಮೇಸ್ತ್ರಿಯ ಎದುರಿಗೆ ಒಂದು ಸ್ಟೂಲು ಎಳೆದುಕೊಂಡು ಕೂತರು.

* * *

ಆ ಶೆಡ್ಡು ಕಟ್ಟಿದ್ದು ದೊಡ್ಡ ಮೇಸ್ತ್ರಿ. ತಮ್ಮನ ಕೈಗೆ ಮೊದಲ ಸ್ಪ್ಯಾನರ್ ಕೊಟ್ಟವನೂ ಅವನೇ. ಆಗ ತಮ್ಮನಿಗೆ ನಟ್ಟು ಯಾವ ಕಡೆ ತಿರುಗಿಸಿದರೆ ಬಿಗಿಯಾಗುತ್ತದೆ ಅನ್ನುವುದೂ ಗೊತ್ತಿರಲಿಲ್ಲ.

ಈಗ ಗೇಟಿನ ಹತ್ತಿರ ಕಾರು ನಿಲ್ಲಿಸಿದವರು ಇಳಿಯುವ ಮುಂಚೆಯೇ ತಲೆ ಹೊರಗೆ ಹಾಕಿ, "ಚಿಕ್ಕವರು ಇದಾರಾ?" ಅಂತ ಕೇಳುತ್ತಿದ್ದರು. ಇಲ್ಲ ಅಂದರೆ, "ಪರವಾಗಿಲ್ಲ, ನಾಳೆ ಬರ್ತೀವಿ," ಅನ್ನುತ್ತಿದ್ದರು. ಆ 'ಪರವಾಗಿಲ್ಲ' ಅನ್ನುವ ಮಾತು ದೊಡ್ಡ ಮೇಸ್ತ್ರಿಯ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಮನೆಯ ಮಿಕ್ಸಿ ನಿಂತರೆ ಹೆಂಡತಿ ಕೂಡ ಗಂಡನನ್ನು ದಾಟಿ ಹೋಗಿ ಮೈದುನನನ್ನು ಕರೆಯುತ್ತಿದ್ದಳು. "ನಿಮಗೆ ಕೆಲಸ ಜಾಸ್ತಿ ಇತ್ತಲ್ಲ ರೀ," ಅನ್ನುತ್ತಿದ್ದಳು ಆಮೇಲೆ. ಅವನಿಗೆ ಕೆಲಸ ಜಾಸ್ತಿ ಇಲ್ಲ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇದನ್ನೆಲ್ಲ ಅವನು ಇನ್ಸ್‌ಪೆಕ್ಟರಿಗೆ ಹೇಳಲಿಲ್ಲ. ಆದರೆ ಗೋಡೆಯ ಮೇಲೆ ಎರಡು ಸಾಲು ಮೊಳೆಗಳಿದ್ದವು. ತಮ್ಮನ ಸಾಲಿನ ಸ್ಪ್ಯಾನರ್‌ಗಳು ಬಳಸಿ ಬಳಸಿ ಬೆಳ್ಳಗೆ ಮಿನುಗುತ್ತಿದ್ದವು. ಅಣ್ಣನ ಸಾಲಿನ ಮೇಲೆ ಸಣ್ಣಗೆ ಧೂಳು ಕೂತಿತ್ತು. ಇನ್ಸ್‌ಪೆಕ್ಟರ್ ಅದನ್ನು ಬಂದ ದಿನವೇ ನೋಡಿದ್ದರು.

ಅವರು ಒಂದು ಚಪ್ಪಟೆ ಡಬ್ಬಿಯನ್ನು ಇಬ್ಬರ ನಡುವೆ ನೆಲದ ಮೇಲಿಟ್ಟರು.

"ಇದು ನಿಮ್ಮ ಕಪಾಟಿನಲ್ಲಿ ಸಿಕ್ತು."

"ಟೈರ್ ಪಾಲಿಶು. ಎಲ್ಲಾ ಶೆಡ್ಡಲ್ಲೂ ಇರುತ್ತೆ ಮೇಡಂ."

"ರಬ್ಬರ್ ಸ್ಪ್ರಿಂಗಿಗೂ ಹಚ್ತೀರಾ?"

"ಅದಕ್ಕಾ? ಇಲ್ಲಪ್ಪ," ಅಂದ ದೊಡ್ಡ ಮೇಸ್ತ್ರಿ. ಕಸುಬಿನ ಮಾತು ಬಂದದ್ದೇ ಅವನ ಬೆನ್ನು ನೆಟ್ಟಗಾಯಿತು. "ಎಣ್ಣೆ ಪದಾರ್ಥ ತಾಗಿದ್ರೆ ರಬ್ಬರ್ ಹಾಳಾಗುತ್ತೆ. ಕೂರಿಸೋವಾಗ ಬಿಗಿ ಅನ್ನಿಸಿದ್ರೆ ಸೋಪಿನ ನೀರು ಸವರ್ತೀವಿ, ಅಷ್ಟೆ."

"ನಿಮ್ಮ ತಮ್ಮನಿಗೂ ಇದು ಗೊತ್ತಾ?"

"ಗೊತ್ತಿಲ್ಲದೆ ಏನು? ನಾನೇ ಹೇಳಿಕೊಟ್ಟಿದ್ದು."

"ಮರೆತು ಹಚ್ಚಿರಬಹುದು."

"ನನ್ನ ಹತ್ರ ಕಲಿತವನು ಆ ತಪ್ಪು ಮಾಡಲ್ಲ ಮೇಡಂ."

"ಸರಿ," ಅಂದರು ಇನ್ಸ್‌ಪೆಕ್ಟರ್. "ಅವನು ಮಾಡಿಲ್ಲ. ಹಾಗಾದ್ರೆ ಆ ಹಳೇ ರಬ್ಬರಿಗೆ ಪಾಲಿಶು ಹಚ್ಚಿ ಹೊಸದರ ಹಾಗೆ ಮಾಡಿದ್ದು ಈ ಶೆಡ್ಡಲ್ಲಿ ಇನ್ನು ಯಾರು?"

ದೊಡ್ಡ ಮೇಸ್ತ್ರಿಯ ಕೈಯಲ್ಲಿದ್ದ ಬಟ್ಟೆ ಚೂರು ನಿಂತಿತು.

ಶೆಡ್ಡಿಗೂ ಮನೆಗೂ ನಡುವೆ ಒಂದೇ ಗೋಡೆ. ಅಡುಗೆಮನೆಯಲ್ಲಿ ನಲ್ಲಿ ತೆರೆದಿತ್ತು. ಅದೂ ನಿಂತಿತು.

"ಅವತ್ತು ಮಧ್ಯಾಹ್ನ," ಅಂದ ಅವನು. "ಎರಡೂ ಕಡೆ ಹೊಸದು ಹಾಕಿ ಮುಗಿಸಿದ್ದ ನನ್ನ ತಮ್ಮ. ಡಾಕ್ಟರೂ ಟೀಚರಮ್ಮನೂ ನಮ್ಮನೇಲೇ ಊಟಕ್ಕೆ ಕೂತಿದ್ರು. ಅವನು ಬಡಿಸ್ತಿದ್ದ. ಏನೋ ಹೇಳ್ತಿದ್ದ, ಎಲ್ಲರೂ ನಗ್ತಿದ್ರು. ಇಲ್ಲಿವರೆಗೂ ಕೇಳ್ತಿತ್ತು ಆ ನಗು. ನನಗೆ ಹಸಿವಿಲ್ಲ ಅಂತ ಹೇಳಿ ಇಲ್ಲೇ ಉಳಿದೆ."

"ಉಳಿದು?"

"ಜಾಕಿ ಕೊಟ್ಟೆ. ಒಂದು ಗಾಲಿ ಬಿಚ್ಚಿದೆ. ಹೊಸ ರಬ್ಬರ್ ತೆಗೆದು ಹಳೇದನ್ನೇ ವಾಪಸ್ ಕೂರಿಸಿದೆ. ಪಾಲಿಶು ಹಚ್ಚಿದೆ, ಕಣ್ಣಿಗೆ ಬೀಳಬಾರದು ಅಂತ." ಅವನು ತಲೆ ಎತ್ತಲಿಲ್ಲ. "ಒಂದು ಕಡೆ ವಾಲುತ್ತೆ, ಡಾಕ್ಟರು ವಾಪಸ್ ಬರ್ತಾರೆ, ಎಲ್ಲರ ಮುಂದೆ ಇವನಿಗೆ ಬೈತಾರೆ ಅಂದ್ಕೊಂಡೆ. ಅಷ್ಟೆ ಮೇಡಂ. ಒಂದು ಸಲ ಯಾರಾದ್ರೂ ಅವನಿಗೆ ಬೈಯೋದನ್ನ ನೋಡಬೇಕಾಗಿತ್ತು ನನಗೆ. ಆ ಇಳಿಜಾರು ನನ್ನ ತಲೆಗೇ ಬರಲಿಲ್ಲ. ಆ ಹೆಣ್ಣುಮಗಳಿಗೆ ಏನಾದ್ರೂ ಆದ್ರೆ ನಾನೇ ಕೊಂದ ಹಾಗೆ. ನನ್ನ ತಮ್ಮನ್ನ ಬಿಟ್ಟುಬಿಡಿ."

ಏಣಿ ಮೇಡಂ ಕಡೆ ನೋಡಿದ. ಅವನ ಮಟ್ಟಿಗೆ ಕೇಸು ಮುಗಿದಿತ್ತು.

"ಯಾವ ಗಾಲಿ ಬಿಚ್ಚಿದ್ರಿ?" ಅಂತ ಕೇಳಿದರು ಇನ್ಸ್‌ಪೆಕ್ಟರ್.

"ಬಲಗಡೆದು."

"ಇನ್ನೊಂದು ಸಲ ಹೇಳಿ."

"ಬಲಗಡೆದು ಮೇಡಂ. ಎಡಗಡೆ ಅಡುಗೆಮನೆ ಕಿಟಕಿಗೆ ಕಾಣುತ್ತೆ. ಬಲಗಡೆ ಗೋಡೆ ಮರೆ."

ಇನ್ಸ್‌ಪೆಕ್ಟರ್ ಎದ್ದು ಟಾರ್ಚನ್ನು ಅವನ ಕೈಗೆ ಕೊಟ್ಟರು. "ನೀವೇ ಒಳಗೆ ಹೋಗಿ ನೋಡಿ."

ದೊಡ್ಡ ಮೇಸ್ತ್ರಿ ಗೋಣಿತಾಟಿನ ಮೇಲೆ ಮಲಗಿ ಒಳಗೆ ಸರಿದ. ಬೆಳಕು ಬಲಕ್ಕೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಎಡಕ್ಕೆ ಬಂತು.

"ಇದು ಹೊಸದು," ಅಂದಿತು ಅವನ ದನಿ ಕೆಳಗಿನಿಂದ. "ಬಲಗಡೆ ಹೊಸದೇ ಇದೆ. ನಾನು ಹಾಕಿದ್ದು ಈ ಕಡೆಗೆ ಹೇಗೆ ಬಂತು?"

"ನೀವು ಹಾಕಿದ್ದೇ ಅದು ಅಂತ ಗ್ಯಾರಂಟಿನಾ?"

"ಬ ಅಂತ ಬರೆದಿದೆಯಲ್ಲ. ಬಿಚ್ಚಿದ ತಕ್ಷಣ ಹಳೇದರ ಮೇಲೆ ಎ, ಬ ಅಂತ ಬರೆದಿಡ್ತಾನೆ ನನ್ನ ತಮ್ಮ. ಎಡ, ಬಲ. ಯಾವ ಕಡೆದು ಹೇಗೆ ಸವೆದಿದೆ ಅಂತ ಆಮೇಲೆ ನೋಡೋಕೆ." ಬೆಳಕು ನಟ್ಟಿನ ಮೇಲೆ ಬಿತ್ತು. "ಮೇಡಂ, ಈ ನಟ್ಟು ನೋಡಿದ್ರಾ? ಇದು ನಮ್ಮ ಕೈ ಅಲ್ಲ. ನಾನಾಗಲಿ ಅವನಾಗಲಿ ನಿದ್ದೆಗಣ್ಣಲ್ಲಿ ಮಾಡಿದ್ರೂ ನಟ್ಟಿನ ಮೂಲೆ ಹೀಗೆ ಕೊರೆಯಲ್ಲ."

ಅವನು ಆಚೆ ಬರಲಿಲ್ಲ. ಗಾಲಿಮನೆಯ ಕೆಳಗಿಂದ ಚಾಚಿಕೊಂಡಿದ್ದ ಅವನ ಎರಡು ಕಾಲುಗಳು ಸಣ್ಣಗೆ ನಡುಗುತ್ತಿದ್ದವು. ಅಳುತ್ತಿದ್ದಾನೆ ಅಂತ ಗೊತ್ತಾಗಲು ಏಣಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ತಮ್ಮನನ್ನ ಕರ್ಕೊಂಡು ಬನ್ನಿ," ಅಂದರು ಇನ್ಸ್‌ಪೆಕ್ಟರ್. "ಕೈಗೆ ಏನೂ ಹಾಕಬೇಡಿ."

* * *

ಜೀಪಿನಿಂದ ಇಳಿದ ಚಿಕ್ಕ ಮೇಸ್ತ್ರಿ ಮೊದಲು ನೋಡಿದ್ದು ಅಣ್ಣನ ಕೆಂಪಾದ ಕಣ್ಣು. ಆಮೇಲೆ ನೆಲದ ಮೇಲಿದ್ದ ಪಾಲಿಶ್ ಡಬ್ಬಿ. ಯಾರೂ ಏನೂ ಹೇಳುವ ಮೊದಲೇ ಅವನಿಗೆ ಎಲ್ಲವೂ ತಿಳಿದುಹೋಯಿತು.

"ಯಾಕೆ ಹೇಳಿದೆ ಅಣ್ಣ?" ಅಂದ ಮೆಲ್ಲಗೆ.

"ನಿನಗೆ ಗೊತ್ತಿತ್ತಾ?"

ಚಿಕ್ಕ ಮೇಸ್ತ್ರಿ ಕಾಲಿನಿಂದ ಆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. ಇನ್ಸ್‌ಪೆಕ್ಟರ್ ಅವನನ್ನೇ ನೋಡಿದರು. "ನಿಮ್ಮ ಅಣ್ಣ ಬಲಗಡೆ ಹಳೇದು ಹಾಕಿದ್ರು. ಈಗ ಬಲಗಡೆ ಹೊಸದಿದೆ. ನಡುವೆ ಏನಾಯ್ತು ಅನ್ನೋದನ್ನ ನೀವು ಹೇಳಬೇಕು. ಎರಡು ದಿನ ನನ್ನ ಮುಂದೆ ಬಾಯಿ ಹೊಲಿದುಕೊಂಡು ಕೂತಿದ್ರಿ. ಇನ್ನು ಸಾಕು."

"ಊಟ ಆದಮೇಲೆ ಒಂದು ಸಲ ಎಲ್ಲಾ ಸರಿಯಾಗಿದೆಯಾ ಅಂತ ಮೂಲೆ ಹಿಡಿದು ಒತ್ತಿ ನೋಡಿದೆ ಮೇಡಂ. ಎಡಗಡೆ ಒತ್ತಿದ್ರೆ ತಗ್ಗಿ ಎದ್ದು ಬಂತು. ಬಲಗಡೆ ತಗ್ಗಿದ್ದು ತಗ್ಗಿದ ಹಾಗೇ ಇತ್ತು. ಕೆಳಗೆ ಹೋಗಿ ನೋಡಿದೆ. ಹೊಸದು ಕಂಪ್ರೆಸರ್ ಹಿಂದೆ ಸಿಕ್ತು. ಮತ್ತೆ ಹಾಕಿದೆ."

"ಯಾರು ಮಾಡಿದ್ದು ಅಂತ ಗೊತ್ತಾಯ್ತಾ?"

"ನಟ್ಟು ಬಿಗಿದ ರೀತೀಲೇ ಗೊತ್ತಾಯ್ತು. ಅಣ್ಣ ಬಿಗಿದ ನಟ್ಟು ನನಗೆ ಗೊತ್ತಾಗಲ್ವಾ?"

"ಮತ್ತೆ ಅರೆಸ್ಟ್ ಆದಾಗ ಇದನ್ನ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಅಣ್ಣನ ಹೆಸರು ಹೇಳಬೇಕಾಗಿತ್ತಲ್ಲ ಮೇಡಂ."

ದೊಡ್ಡ ಮೇಸ್ತ್ರಿ ಮುಖ ತಿರುಗಿಸಿಕೊಂಡ. ಆ ಗಳಿಗೆಯಲ್ಲೂ ಅವನ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಒಮ್ಮೆ ಭುಗಿಲೆಂದಿತು. ಇದರಲ್ಲೂ ತಮ್ಮನೇ ಒಳ್ಳೆಯವನಾಗಿದ್ದ. ಬೈಯಿಸಿಕೊಳ್ಳಲಿ ಅಂತ ಹೊಂಚು ಹಾಕಿದ ಅಣ್ಣನಿಗೋಸ್ಕರ ಲಾಕಪ್ಪಿನಲ್ಲಿ ಕೂತು ಬಂದಿದ್ದ. ಆ ಕಿಚ್ಚಿನ ಹಿಂದೆಯೇ ನಾಚಿಕೆ ಬಂತು. ಎರಡರಲ್ಲಿ ಯಾವುದು ಹೆಚ್ಚು ಸುಡುತ್ತಿದೆ ಅಂತ ಅವನಿಗೆ ತಿಳಿಯಲಿಲ್ಲ.

"ಬಿಚ್ಚಿದ ಹಳೇ ರಬ್ಬರ್ ಎಲ್ಲಿ ಹೋಯ್ತು?" ಅಂತ ಕೇಳಿದರು ಇನ್ಸ್‌ಪೆಕ್ಟರ್.

ಚಿಕ್ಕ ಮೇಸ್ತ್ರಿ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ಅವನ ಅತ್ತಿಗೆ ನಿಂತಿದ್ದಳು, ಒದ್ದೆ ಕೈಯನ್ನು ಸೆರಗಿಗೆ ಸುತ್ತಿಕೊಂಡು. ಯಾವಾಗಿನಿಂದ ನಿಂತಿದ್ದಾಳೋ.

"ಹೇಳು," ಅಂದಳು ಅವಳು.

"ಟೀಚರಮ್ಮ ಇಸ್ಕೊಂಡ್ರು."

"ಯಾರು, ಆಸ್ಪತ್ರೆಯಲ್ಲಿ ಇರೋರಾ?"

"ಹೌದು ಮೇಡಂ. ನಾನು ಕೆಳಗಿಂದ ಎದ್ದು ಬರೋವಾಗ ಅವರು ಗಾಲಿಮನೆ ಮೆಟ್ಟಿಲ ಮೇಲೆ ಕೂತಿದ್ರು. ನನ್ನ ಮುಖ ನೋಡಿ ಏನಾಯ್ತು ಅಂದ್ರು. ತಡೆಯೋಕಾಗದೆ ಹೇಳ್ಬಿಟ್ಟೆ. ಅದಕ್ಕೆ ಅವರು, ಇದು ಇಲ್ಲೇ ಬಿದ್ದಿದ್ರೆ ನಿಮ್ಮಣ್ಣನ ಕಣ್ಣಿಗೆ ಬೀಳುತ್ತೆ, ನಿಮಗೆ ಗೊತ್ತಾಗಿದೆ ಅಂತ ಅವರಿಗೂ ಗೊತ್ತಾಗುತ್ತೆ, ಆಮೇಲೆ ಒಂದೇ ಮನೇಲಿ ಇರೋದು ಕಷ್ಟ ಆಗುತ್ತೆ, ನನಗೆ ಕೊಡಿ, ದಾರೀಲಿ ಎಲ್ಲಾದರೂ ಎಸೀತೀನಿ ಅಂದ್ರು. ಪೇಪರಲ್ಲಿ ಸುತ್ತಿ ಬ್ಯಾಗಲ್ಲಿ ಹಾಕಿಕೊಂಡ್ರು."

"ಹೊರಡೋವಾಗ ಅಡುಗೆಮನೆಗೆ ಬಂದು ನನಗೂ ಹೇಳಿ ಹೋದ್ರು," ಅಂದಳು ಅತ್ತಿಗೆ. "ಅಕ್ಕ, ನಾನು ಬಾಯಿ ಬಿಡಲ್ಲ, ನೀವು ಮನಸ್ಸಿಗೆ ಹಚ್ಕೋಬೇಡಿ ಅಂದ್ರು. ಪುಣ್ಯಾತ್ಗಿತ್ತಿ."

ದೊಡ್ಡ ಮೇಸ್ತ್ರಿ ಹೆಂಡತಿಯನ್ನು ನೋಡಿದ. ಅವಳೂ ಅವನನ್ನು ನೋಡಿದಳು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು ಇಷ್ಟು ದಿನ ಅವನೊಬ್ಬನೇ ಗುಟ್ಟು ಅಂದುಕೊಂಡಿದ್ದ. ಅವಳು ದಿನವೂ ಅವನ ತಟ್ಟೆಗೆ ಅನ್ನ ಹಾಕುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ.

"ಆ ಬ್ಯಾಗು ಆಮೇಲೆ ಎಲ್ಲಿತ್ತು?"

"ಕಾರಿನ ಹಿಂದಿನ ಸೀಟಲ್ಲಿ ಇಟ್ರು," ಅಂದ ಚಿಕ್ಕ ಮೇಸ್ತ್ರಿ. "ಡಾಕ್ಟರೇ ಕೈಯಿಂದ ಇಸ್ಕೊಂಡು ಇಟ್ರು. ಏನಿದು ಇಷ್ಟು ಭಾರ ಅಂದ್ರು. ಟೀಚರಮ್ಮ ಪಾಪ ಏನೋ ಒಂದು ಹೇಳಿ ನಕ್ರು."

ಇನ್ಸ್‌ಪೆಕ್ಟರ್ ಸ್ಟೂಲಿನಿಂದ ಎದ್ದರು. ಶೆಡ್ಡಿನ ಆ ತುದಿಯವರೆಗೆ ಹೋಗಿ ವಾಪಸ್ ಬಂದರು.

"ಕೆಲಸ ಮಾಡುವಾಗ ಡಾಕ್ಟರು ಎಲ್ಲಿದ್ರು?"

ಅಣ್ಣ ತಮ್ಮ ಇಬ್ಬರೂ ಒಟ್ಟಿಗೇ ಮಾತು ಶುರುಮಾಡಿ ಒಟ್ಟಿಗೇ ನಿಲ್ಲಿಸಿದರು. ಕಡೆಗೆ ತಮ್ಮ ಹೇಳಿದ. "ಇಲ್ಲೇ ಇದ್ರು ಮೇಡಂ, ಬೆಳಗಿನಿಂದ. ಒಂದೊಂದನ್ನೂ ಕೇಳಿ ಕೇಳಿ ತಿಳ್ಕೊಂಡ್ರು. ದಾರೀಲಿ ರಬ್ಬರ್ ಕೈ ಕೊಟ್ರೆ ನಾನೇ ಹಾಕಿಕೊಳ್ಳೋ ಹಾಗಿರಬೇಕು ಅಂದ್ರು. ಜಾಕಿ ಎಲ್ಲಿ ಕೊಡಬೇಕು, ಸ್ಟ್ಯಾಂಡು ಎಲ್ಲಿಡಬೇಕು, ತೋಳನ್ನ ಹೇಗೆ ಇಳಿಸಬೇಕು, ಎಲ್ಲಾ ತೋರಿಸಿದೆ. ಒಂದು ನಟ್ಟು ನಾನೂ ಬಿಚ್ತೀನಿ ಅಂತ ಕಾರಿಂದ ಅವರದ್ದೇ ಸ್ಕ್ರೂ ಸ್ಪ್ಯಾನರ್ ತಂದ್ರು. ನಾನು ಬೇಡ ಅಂದೆ."

"ಯಾಕೆ?"

"ಸ್ಕ್ರೂ ಸ್ಪ್ಯಾನರ್ ಬಾಯಿ ಹಿಗ್ಗಿಸಿ ಕುಗ್ಗಿಸೋದು, ಅಲ್ಲಾಡುತ್ತೆ. ನಟ್ಟಿನ ಮೂಲೆ..."

 ಏಣಿಯ ಕೈಯಲ್ಲಿದ್ದ ಟಾರ್ಚು ತಾನಾಗಿ ಎಡಗಾಲಿಯ ಕಡೆ ತಿರುಗಿತು.

"ಆದರೆ ಯಾಕೆ ಮೇಡಂ?" ಅಂದ ಏಣಿ. "ಅವರದ್ದೇ ಗಾಡಿ. ಅವರೇ ಓಡಿಸಬೇಕು. ತನ್ನ ಗಾಡಿಗೆ ತಾನೇ ಯಾರಾದ್ರೂ ಹಳೇ ರಬ್ಬರ್ ಹಾಕಿಕೊಳ್ತಾರಾ?"

"ಇವರೂ ಗಾಡಿ ಮಗುಚಲಿ ಅಂತ ಹಾಕಲಿಲ್ಲ," ಅಂದರು ಇನ್ಸ್‌ಪೆಕ್ಟರ್, ದೊಡ್ಡ ಮೇಸ್ತ್ರಿಯ ಕಡೆ ತಲೆ ಆಡಿಸಿ. "ಗಾಡಿ ಸ್ವಲ್ಪ ವಾಲಬೇಕು, ಒಬ್ಬನ ಹೆಸರು ಪೂರ್ತಿ ವಾಲಬೇಕು. ಡಾಕ್ಟರೂ ಅಷ್ಟೇ ಅಂದ್ಕೊಂಡಿರಬಹುದು. ಆದರೆ ಡಾಕ್ಟರಿಗೆ ಚಿಕ್ಕ ಮೇಸ್ತ್ರಿ ಮೇಲೆ ಅಂಥ ಹೊಟ್ಟೆಕಿಚ್ಚು ಯಾಕೆ ಬಂತು ಅನ್ನೋದೇ ನನಗೆ ತಿಳೀತಿಲ್ಲ."



ಆಗ ದೊಡ್ಡ ಮೇಸ್ತ್ರಿ, ಗೋಡೆ ಹಿಡಿದುಕೊಂಡು, ತನ್ನ ಡಬ್ಬದ ಮೇಲೆ ಮತ್ತೆ ಕೂತ.

"ನಾನು ಒಂದು ಮಾತು ಹೇಳಿದ್ದೆ," ಅಂದ.

"ಯಾರಿಗೆ?"

"ಡಾಕ್ಟರಿಗೆ. ಬೆಳಿಗ್ಗೆ, ಊಟಕ್ಕೆ ಮುಂಚೆ. ಇವನು ಗಾಲಿ ಬಿಚ್ತಾ ಯಾವುದೋ ಹಾ‍ಡು ಗುನುಗ್ತಿದ್ದ. ಟೀಚರಮ್ಮ ಮೆಟ್ಟಿಲ ಮೇಲೆ ಕೂತಿದ್ದೋರು ಆ ಸಾಲು ಹಾಗಲ್ಲ, ಹೀಗೆ ಅಂತ ತಿದ್ದಿದ್ರು. ಇವನು ಮತ್ತೆ ಹಾಡಿದ. ಅವರು ಮತ್ತೆ ತಿದ್ದಿದ್ರು. ಕೊನೆಗೆ ಇಬ್ಬರೂ ಸೇರಿ ಹಾಡಿದ್ರು. ನಾನೂ ಡಾಕ್ಟರೂ ಈ ಕಡೆ ನಿಂತಿದ್ವಿ." ಅವನು ಬಟ್ಟೆ ಚೂರನ್ನು ಬೆರಳಿಗೆ ಸುತ್ತಿಕೊಂಡ. "ಡಾಕ್ಟ್ರೇ, ನಿಮ್ಮ ಮನೆಯವರು ಕಾರು ತೊಳೆಸೋಕೆ ಬಂದಾಗೆಲ್ಲ ಇದೇ ಕಥೆ, ಆ ದಿನ ನನ್ನ ತಮ್ಮನಿಗೆ ಊಟ ತಿಂಡಿ ಏನೂ ಬೇಡ ಅಂದೆ."

"ಅವರು ಏನಂದ್ರು?"

"ನಕ್ಕರು. ನಗ್ತಾ ನಗ್ತಾನೇ, ಹೌದಾ, ಎಷ್ಟು ದಿನದಿಂದ ನಡೀತಿದೆ ಅಂತ ಕೇಳಿದ್ರು."

"ನೀವು?"

"ತುಂಬಾ ದಿನದಿಂದ ಅಂದೆ."

ಚಿಕ್ಕ ಮೇಸ್ತ್ರಿ ಅಣ್ಣನನ್ನೇ ನೋಡುತ್ತಿದ್ದ. ಕೋಪಕ್ಕಿಂತ ಹೆಚ್ಚಾಗಿ ಅವನ ಮುಖದ ಮೇಲೆ ಗೊಂದಲವಿತ್ತು.

"ಕಾರು ತೊಳೆಸೋಕೆ ಬಂದಾಗ ನಾನೆಲ್ಲಿ ಇರ್ತಿದ್ದೆ ಅಣ್ಣ? ಅವರು ಬರೋ ದಿನ ನನ್ನನ್ನ ಸಾಮಾನು ತರೋಕೆ ಕಳಿಸ್ತಿದ್ದೆ ನೀನು. ಕಾರು ತೊಳೀತಿದ್ದವನು ನೀನು. ಅವರು ಹಾಡೋದು ಕೇಳ್ತಿದ್ದವನೂ ನೀನೇ. ನಾನು ಅವರನ್ನ ಸರಿಯಾಗಿ ನೋಡಿದ್ದೇ ಅವತ್ತು."

ಅಡುಗೆಮನೆಯ ಬಾಗಿಲಲ್ಲಿ ಬಳೆ ಸದ್ದಾಯಿತು. ಅತ್ತಿಗೆ ಸೆರಗಿನಿಂದ ಕೈ ಬಿಡಿಸಿಕೊಂಡು, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅವಳು ಗಂಡನ ಕಡೆ ನೋಡಲಿಲ್ಲ. ಎದುರು ಗೋಡೆಯ ಮೇಲೆ ಸಾಲಾಗಿ ನೇತುಹಾಕಿದ್ದ, ಧೂಳು ಕೂತ ಸ್ಪ್ಯಾನರ್‌ಗಳನ್ನು ನೋಡಿದಳು.

"ಅದಕ್ಕೇ ಆ ದಿನಗಳಲ್ಲಿ ಇಸ್ತ್ರಿ ಮಾಡಿದ ಅಂಗಿ ಕೇಳ್ತಿದ್ರಿ," ಅಂದಳು. "ಕಾರು ತೊಳೆಯೋಕೆ ಇಸ್ತ್ರಿ ಅಂಗಿ ಯಾಕೆ ಅಂತ ನಾನೂ ಅಂದ್ಕೊಳ್ತಿದ್ದೆ."

ದೊಡ್ಡ ಮೇಸ್ತ್ರಿ ಮತ್ತೆ ಬಟ್ಟೆ ಚೂರಿನಲ್ಲಿ ಕೈ ಒರೆಸತೊಡಗಿದ. 

ಇನ್ಸ್‌ಪೆಕ್ಟರ್ ಆ ಮೂವರನ್ನೂ ಅವರ ಪಾಡಿಗೆ ಬಿಟ್ಟು ಏಣಿಯನ್ನು ಬಾಗಿಲ ಹತ್ತಿರ ಕರೆದರು. ಅವರ ತಲೆಯಲ್ಲಿ ಈಗ ಒಂದೇ ಚಿತ್ರ ಓಡುತ್ತಿತ್ತು. ಡಾಕ್ಟರು ಮನೆಗೆ ಹೋಗಿ ಕಾರಿನಿಂದ ಬ್ಯಾಗು ಎತ್ತಿಕೊಳ್ಳುತ್ತಾರೆ. ಭಾರವೇನು ಅಂತ ಬಿಚ್ಚಿ ನೋಡುತ್ತಾರೆ. ಚಿಕ್ಕ ಮೇಸ್ತ್ರಿ ಬಿಚ್ಚಿದ್ದ ರಬ್ಬರ್ ಮುದ್ದೆ, ಪಾಲಿಶ್ ಹಚ್ಚಿ ಪೇಪರಿನಲ್ಲಿ ಜೋಪಾನವಾಗಿ ಸುತ್ತಿದ್ದು, ಹೆಂಡತಿಯ ಬ್ಯಾಗಿನಲ್ಲಿ. ಯಾಕೆ ಅಂತ ಕೇಳುತ್ತಾರೆ. ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟು ಬಂದಿರುವ ಹೆಂಡತಿ ಹೇಳುವುದಿಲ್ಲ.

ಅವಳು ಸುಮ್ಮನಿದ್ದದ್ದು ಈ ಮನೆಯ ಮಾನ ಉಳಿಸಲು. ಕಿವಿಯಲ್ಲಿ ಅಣ್ಣನ ಮಾತು ತುಂಬಿಕೊಂಡಿದ್ದ ಗಂಡನಿಗೆ ಆ ಮೌನ ಬೇರೆಯದೇ ಉತ್ತರವಾಗಿ ಕೇಳಿಸಿರಬೇಕು.

"ಮೇಡಂ, ಇದೆಲ್ಲ ಅಂದಾಜು," ಅಂದ ಏಣಿ. "ಡಾಕ್ಟರನ್ನ ಅರೆಸ್ಟ್ ಮಾಡೋಕೆ ಒಂದು ನಟ್ಟು ಸಾಕಾಗಲ್ಲ."

"ಗೊತ್ತು. ಟೀಚರಮ್ಮ ಕಣ್ಣು ಬಿಟ್ಟು, ಆ ಬ್ಯಾಗಿನಿಂದ ರಬ್ಬರ್ ಯಾವಾಗ ಕಾಣೆಯಾಯ್ತು ಅಂತ ಹೇಳಿದ್ರೆ ಸಾಕು. ಅವರು ಹೇಳೋವರೆಗೂ ಯಾರೂ ಅವರ ಹತ್ರ ಒಬ್ಬರೇ ಇರಬಾರದು. ಗಂಡ ಅಂತೂ ಇರಲೇಬಾರದು. ಆಸ್ಪತ್ರೆಗೆ ಫೋನ್ ಹಚ್ಚಿ. ಮಂಚದ ಪಕ್ಕ ನಮ್ಮ ಒಬ್ಬ ಹೆಣ್ಣು ಕಾನ್‌ಸ್ಟೇಬಲ್ ಈಗಲೇ ಹೋಗಿ ಕೂರಲಿ."

ಏಣಿ ಫೋನ್ ಹಚ್ಚಿದ. ಹೇಳಬೇಕಾದ್ದನ್ನು ಹೇಳಿದ. ಆ ಕಡೆಯ ಮಾತು ಕೇಳುತ್ತಾ ಅವನ ಬೆನ್ನು ಇಂಚಿಂಚಾಗಿ ನೆಟ್ಟಗಾಯಿತು. ಫೋನನ್ನು ಮೇಡಂ ಕೈಗೆ ಕೊಟ್ಟ.

"ನಾನು ವಾರ್ಡಿನ ನರ್ಸು ಮೇಡಂ," ಅಂದಿತು ಒಂದು ಸಮಾಧಾನದ ಹೆಂಗಸಿನ ದನಿ. "ಪೇಷಂಟಿಗೆ ಬೆಳಿಗ್ಗೇನೇ ಎಚ್ಚರ ಆಯ್ತಲ್ಲ. ನಿಮಗೆ ತಿಳಿಸಿಲ್ವಾ? ಸ್ಟೇಷನ್ನಿಗೆ ನಾನೇ ಹೇಳ್ತೀನಿ, ನೀವು ತೊಂದರೆ ತಗೋಬೇಡಿ ಅಂದಿದ್ರು ಅವರ ಯಜಮಾನರು."

"ಮಾತಾಡ್ತಿದಾರಾ?"

"ಸ್ವಲ್ಪ ಸ್ವಲ್ಪ."

"ಫೋನ್ ಅವರ ಕಿವಿ ಹತ್ರ ಹಿಡೀರಿ."

"ಅವರಿಲ್ಲ ಮೇಡಂ. ಈಗಷ್ಟೇ ಯಜಮಾನರು ಕರ್ಕೊಂಡು ಹೋದ್ರು, ಮನೇಲೇ ನೋಡ್ಕೊತೀನಿ ಅಂತ. ದೊಡ್ಡ ಡಾಕ್ಟರು ಇನ್ನೂ ಎರಡು ದಿನ ಇರಲಿ ಅಂದ್ರು, ಇವರು ಕೇಳಲಿಲ್ಲ."

"ಪೇಷಂಟ್ ಏನಂದ್ರು? ಅವರಿಗೆ ಹೋಗೋಕೆ ಇಷ್ಟ ಇತ್ತಾ?"

ನರ್ಸಿನ ದನಿ ತಗ್ಗಿತು.

"ಮಂಚದ ಕಂಬಿ ಹಿಡ್ಕೊಂಡುಬಿಟ್ಟಿದ್ರು ಮೇಡಂ. ಬೆರಳು ಬಿಡಿಸೋಕೆ ಇಬ್ಬರು ಬೇಕಾಯ್ತು. ತಲೆಗೆ ಪೆಟ್ಟು ಬಿದ್ದವರು ಹಾಗೇ ಮಾಡ್ತಾರೆ, ನೀವು ಗಾಬರಿ ಆಗಬೇಡಿ ಅಂದ್ರು ಯಜಮಾನರು. ಅವರೂ ಡಾಕ್ಟರೇ ಅಲ್ವಾ ಮೇಡಂ, ನಾವೂ ಕೈ ಹಚ್ಚಿ ಕಾರಿಗೆ ಹತ್ತಿಸಿ ಕಳಿಸಿದ್ವಿ."